‘ಇನ್ನೊಂದ್ಸಲ’ ಅಕ್ಕ ಮತ್ತು ಒಂದು ಮೆಮೊ

ಮಿದುಳಿನ ರಕ್ತನಾಳಗಳ ಎಂಆರ್‌ಐ ಚಿತ್ರಣವೆಂದೊಡನೆ ವೈದ್ಯರನ್ನು ಕೊಂಡಾಡುವುದು ವಾಡಿಕೆ. ಯಂತ್ರದ ಮುಂದೆ ಕೂತವರನ್ನು ನೆನೆಯುವುದು ವಾಡಿಕೆಯಲ್ಲ. ಮೂವತ್ತೊಂದು ವರ್ಷಗಳ ಸೇವೆಯಿಂದ ಇಂದು ನಿವೃತ್ತರಾಗುತ್ತಿರುವ ಹಿರಿಯ ತಂತ್ರಜ್ಞೆಯನ್ನು ಆ ವಾಡಿಕೆ ಮುರಿಯದೆ ಗೌರವಿಸುವುದು ಸಾಧ್ಯವಿಲ್ಲ. ಇಡೀ ವಿಭಾಗಕ್ಕೆ ಅವರು ‘ಇನ್ನೊಂದ್ಸಲ’ ಅಕ್ಕ. ಚಿತ್ರ ತುಸು ಮಸುಕಾದರೂ ಸಾಕು, "ಇನ್ನೊಂದ್ಸಲ ತೆಗೀತೀನಿ, ಅಲ್ಲಾಡ್ಬೇಡಿ" ಎನ್ನುವರು. ಹೊರಗೆ ಸರದಿ ಕಾಯುವವರ ಗೊಣಗಾಟಕ್ಕೆ ಅವರದು ಜಾಣಗಿವುಡು.

ಸೇವೆಗೆ ಸೇರಿದ ಹೊಸತರಲ್ಲಿ ಅವರು ಎಕ್ಸ್‌ರೇ ಕೋಣೆಯಲ್ಲಿದ್ದರು. ಮೂಳೆ ಓದುವ ಅಭ್ಯಾಸ ಅಲ್ಲಿ ಅಂಟಿದ್ದು, ಎಂಆರ್‌ಐಗೆ ಬಂದಮೇಲೂ ಬಿಡಲಿಲ್ಲ. ನಾಳಕ್ಕಿಂತ ಮೊದಲು, ಅದು ಬುರುಡೆಯಿಂದ ಹೊರಬೀಳುವ ರಂಧ್ರವನ್ನು ನೋಡುವುದು ಅವರ ಪದ್ಧತಿ.

ಅವರ ಸೇವೆಯ ಹದಿನಾರನೆಯ ವರ್ಷದಲ್ಲಿ ಹನ್ನೆರಡು ದಿನದ ಬಾಣಂತಿಯೊಬ್ಬಳು ತಲೆನೋವೆಂದು ಬಂದಳು. ನಿದ್ದೆಗೇಡೆಂದು ಎರಡು ಕಡೆ ಹೇಳಿ ಕಳಿಸಿದ್ದರು. ಮಗು ಹೊರಗೆ ಅಜ್ಜಿಯ ತೋಳಿನಲ್ಲಿತ್ತು. ಹರಿಯುವ ರಕ್ತವನ್ನಷ್ಟೇ ತೋರಿಸುವ ಚಿತ್ರದಲ್ಲಿ ಎಡಗಡೆಯ ದೊಡ್ಡ ನಾಳ ಕಾಣಲಿಲ್ಲ. "ಹುಟ್ಟಿನಿಂದ್ಲೇ ಸಣ್ಣದು, ಎಷ್ಟೋ ಜನಕ್ಕೆ ಹೀಗಿರತ್ತೆ. ಟೇಬಲ್ ಇಳಿಸಿ, ಕಳಿಸಿ" ಎಂದರು ವಿಭಾಗದ ಮುಖ್ಯಸ್ಥರು.

ಅಕ್ಕ ರಂಧ್ರದ ಚಿತ್ರ ತೆರೆದರು. ಎರಡೂ ಕಡೆ ಒಂದೇ ಅಗಲ.

"ಸರ್, ಸಣ್ಣ ನಾಳಕ್ಕೆ ಮೂಳೆ ಇಷ್ಟು ದೊಡ್ಡ ಬಾಗಿಲು ಯಾಕೆ ಬಿಡತ್ತೆ? ರಕ್ತ ಹೆಪ್ಪುಗಟ್ಟಿರಬಹುದು. ಹೆಪ್ಪೇ ಕಾಣೋ ಹಾಗೆ ಇನ್ನೊಂದ್ಸಲ ತೆಗೀತೀನಿ."

"ರಿಪೋರ್ಟ್ ಬರೆಯೋದು ನಾನು."

"ಬರೀರಿ ಸರ್. ಟೇಬಲ್ ಇಳಿಸೋದು ನಾನು. ಇಳಿಸಲ್ಲ."

ಆರು ನಿಮಿಷ ಯಂತ್ರ ಬಡಿಯಿತು. ಅಕ್ಕ ಮುಖ್ಯಸ್ಥರಿಗೆ ಬೆನ್ನು ಕೊಟ್ಟು ಕೂತಿದ್ದರು. ಕೊನೆಗೆ ಹೆಪ್ಪು ಬೆಳ್ಳಗೆ ಕಂಡಿತು. ಸಂಜೆಯೊಳಗೆ ಔಷಧ ಶುರುವಾಯಿತು, ಬಾಣಂತಿ ಬದುಕಿ ಮಗುವನ್ನೆತ್ತಿಕೊಂಡು ಮನೆಗೆ ಹೋದಳು.

ಅಧಿಕಾರ ಮೀರಿದ್ದಕ್ಕೆ ಅಕ್ಕನಿಗೆ ಸಿಕ್ಕಿದ್ದು ಮೆಮೊ. ಎರಡು ವರ್ಷ ಬಡ್ತಿಯೂ ತಪ್ಪಿತು. ತಪ್ಪಾಯಿತೆಂದು ಒಂದು ಸಾಲು ಬರೆದುಕೊಟ್ಟರೆ ಮುಗಿಯಿತು ಎಂದವರಿಗೆ ಅವರು ಬರೆದುಕೊಟ್ಟ ಸಾಲು: "ಮುಂದೆಯೂ ಹೀಗೇ ಮಾಡುತ್ತೇನೆ."

ಮೆಮೊಗೆ ಸಹಿ ಹಾಕಿದ ಆ ಮುಖ್ಯಸ್ಥನೂ ಈ ಲೇಖನದ ಲೇಖಕನೂ ಒಬ್ಬನೇ. ಬೀಳ್ಕೊಡುಗೆ ಸಮಾರಂಭಕ್ಕೆ ಈ ಸಂಗತಿ ಶೋಭಿಸದು, ಬಿಟ್ಟುಬಿಡಿ ಎಂದು ಸ್ಮರಣ ಸಂಚಿಕೆಯ ಸಂಪಾದಕರು ಹೇಳಿ ನೋಡಿದರು, ಆತ ಬಿಡಲಿಲ್ಲ. ಮೆಮೊ ರದ್ದುಪಡಿಸುವೆನೆಂದು ಕಳೆದ ವಾರ ಆತ ಹೋದಾಗ ಅಕ್ಕ ಅದನ್ನು ತಮ್ಮ ಕಡತದಿಂದ ತೆಗೆದು ತೋರಿಸಿದರೇ ಹೊರತು ಕೈಗೆ ಕೊಡಲಿಲ್ಲ.

"ಇರ್ಲಿ ಬಿಡಿ ಸರ್. ಹೊಸಬರಿಗೆ ಪಾಠ ಮಾಡೋಕೆ ಬೇಕು."

ಮುಂದಿನ ತಿಂಗಳಿಂದ ತರಬೇತಿ ಕೋಣೆಯಲ್ಲಿ ಆ ಪಾಠ ಆರಂಭವಾಗಲಿದೆ. ಅಕ್ಕ ನೂರ್ಕಾಲ ಬಾಳಲಿ, ಯಾರಿಗೂ ಜಗ್ಗದೆ ಕಲಿಸುತ್ತಿರಲಿ. ಮೊದಲ ದಿನ ಹಿಂದಿನ ಬೆಂಚಿನಲ್ಲಿ ಮೆಮೊಗೆ ಸಹಿ ಹಾಕಿದಾತನೂ ಕೂತಿರುತ್ತಾನೆ.