ಮೂಕಿ ಮೇಲೆ ಕೂತು ಕಲಿತದ್ದು

ಮೊಮ್ಮಗಳು ಆಟದ ಬ್ರಿಕ್ಸ್ ಜೋಡಿಸಿ ಮಾಡಿದ ರಿಮೋಟ್ ಜೀಪು ಹಿತ್ತಲಿನ ಮಣ್ಣುದಿಬ್ಬ ಹತ್ತುವಾಗಲೆಲ್ಲ ಮೂತಿ ಎತ್ತಿ ಹಿಂದಕ್ಕೆ ಮಗುಚುತ್ತಿತ್ತು. ಐದನೇ ಸಲ ಬಿದ್ದಾಗ, "ಬುಡು ತಾತ, ಎಲ್ಲಾ ಬಿಚ್ಚಾಕ್ತೀನಿ" ಅಂದಳು.

ನನಗೆ ಹೊಸ ಅಗ್ರಹಾರದ ನಾಲೆ ಏರಿ ನೆನಪಾಯಿತು. ಭತ್ತದ ಮೂಟೆ ತುಂಬಿದ ನಮ್ಮ ಗಾಡಿ ಏರಿ ಹತ್ತುವಾಗ ಭಾರ ಹಿಂದಕ್ಕೆ ಜಗ್ಗಿ, ನೊಗ ಮೇಲೆದ್ದು, ಎತ್ತುಗಳ ಕೊರಳಹಗ್ಗ ಬಿಗಿಯುತ್ತಿತ್ತು. ಅಪ್ಪ ಬೀಡಿ ಕಚ್ಚಿಕೊಂಡೇ, "ಮುಂದಕ್ ಬಾರ್ಲಾ, ಮೂಕಿ ಮ್ಯಾಲ್ ಕೂತ್ಕೊ. ತಿಂದಿರೋ ಮುದ್ದೆ ಈಗ್ಲಾದ್ರೂ ಕೆಲ್ಸಕ್ ಬರ್ಲಿ" ಅನ್ನುತ್ತಿದ್ದರು. ಗಾಡಿಯಿಂದ ನೊಗದವರೆಗೆ ಚಾಚಿದ ಆ ಮರದ ಮೇಲೆ ನಾನು ಕೂತೊಡನೆ ನೊಗ ಇಳಿದು ಗಾಡಿ ಏರುತ್ತಿತ್ತು. ಏರಿಸಿದವನು ನಾನೇ ಎಂದು ಊರಿಗೆಲ್ಲ ಸಾರುತ್ತಿದ್ದೆ. ಕಾಲೇಜಿನಲ್ಲಿ ಇದಕ್ಕೇ ಸೆಂಟರ್ ಆಫ್ ಗ್ರಾವಿಟಿಯೋ ಏನೋ ಅಂದರು. ನನ್ನವಳು ಇದ್ದಷ್ಟು ದಿನ ಈ ಕತೆಗೆ ನಗುತ್ತಿದ್ದಳು.

"ಬ್ಯಾಟರಿ ಡಬ್ಬಿ ಮುಂದಕ್ ಕೂರ್ಸವ್ವ" ಅಂದೆ. ಕೂರಿಸಿದಳು. ಜೀಪು ದಿಬ್ಬದ ನೆತ್ತಿಗೇರಿ ನಿಂತಿತು.

"ಯಾವ್ ವಿಡಿಯೋಲಿ ನೋಡ್ದೆ ತಾತ?"

"ನಾನೇ ಬ್ಯಾಟರಿಯಾಗಿದ್ದೆ ಕಣವ್ವ" ಅಂದೆ.