ಎರಡನೇ ಗೇರಿನ ದಾಕ್ಷಾಯಣಮ್ಮ

ಸರಸ್ವತಿಪುರಂನ ದಾಕ್ಷಾಯಣಮ್ಮನವರು ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಡ್ರಿಲ್ ಟೀಚರ್. ಕೊರಳಲ್ಲಿ ಸೀಟಿ, ಕಾಲಿಗೆ ಬಿಳೀ ಕ್ಯಾನ್ವಾಸ್ ಶೂ, ಸೊಂಟಕ್ಕೆ ಬಿಗಿದ ಸೆರಗು. ತೊಂಬತ್ತರ ದಶಕದ ನಡುವಿನಲ್ಲಿ, ವಯಸ್ಸು ಐವತ್ತರ ಹತ್ತಿರ ಬಂದಾಗ, ಅವರು ಒಂದು ಹಳೇ ಕಾರು ಕೊಂಡರು. ಗೇರಿನ ಕಡ್ಡಿ ಸ್ಟೀರಿಂಗ್ ಪಕ್ಕದಲ್ಲೇ ಇರುತ್ತಿದ್ದ ಕಾಲದ ಕಾರು. ಯಜಮಾನರು ಸದಾಶಿವಯ್ಯನವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ.

ದಾಕ್ಷಾಯಣಮ್ಮ ಕಲಿತರು, ಎರಡನೇ ಗೇರಿನವರೆಗೆ. ಕುಕ್ಕರಹಳ್ಳಿ ಕೆರೆಯ ಹತ್ತಿರ ಒಮ್ಮೆ ಮೂರಕ್ಕೆ ಹಾಕಲು ಹೋಗಿ, ಕಡ್ಡಿ ಎಲ್ಲೋ ಸಿಕ್ಕಿಕೊಂಡು, ಕಾರು ಗರ್ರೆಂದು ಕಿರುಚಿ ಎಳನೀರಿನ ಗಾಡಿಯ ಮುಂದೆ ನಿಂತುಬಿಟ್ಟಿತ್ತು. ಅವತ್ತೇ ಅವರು ತೀರ್ಮಾನ ಮಾಡಿದರು.

"ಎರಡರಲ್ಲೇ ಹೋಗುತ್ತಲ್ಲಾ ರೀ. ಮೂರು ಯಾಕೆ?"

ಊರೊಳಗೆ ತೊಂದರೆಯಿರಲಿಲ್ಲ. ಆದರೆ ನಂಜನಗೂಡಿನ ತಂಗಿಯ ಮನೆಗೆ ಹೊರಟರೆ, ಖಾಲಿ ರಸ್ತೆ ಕಂಡು ಅವರಿಗೆ ಹುರುಪು ಬರುತ್ತಿತ್ತು. ಇಂಜಿನ್ ಅರಚುತ್ತಿತ್ತು. ಒಂದು ಮಟ್ಟ ದಾಟಿದರೆ ಬಾನೆಟ್ಟಿನ ಕೆಳಗೆ ಚಟಪಟ ಶುರು. ಆಮೇಲೆ ಎಷ್ಟು ಒತ್ತಿದರೂ ವೇಗ ಏರುತ್ತಿರಲಿಲ್ಲ, ಕಾರೆಲ್ಲ ನಡುಗುತ್ತಿತ್ತು.

"ಒಳಗೆ ಯಾರೋ ಕಡ್ಲೆಕಾಯಿ ಹುರೀತಿದಾರೆ ಕಣೇ," ಎಂದರು ಹಿಂದಿನ ಸೀಟಿನಿಂದ ಸದಾಶಿವಯ್ಯ.

ಬನ್ನಿಮಂಟಪದಲ್ಲಿ ಕಾರು ರಿಪೇರಿಯ ಶೆಡ್ಡು ಇಟ್ಟುಕೊಂಡಿದ್ದ ಮಹದೇವು ಕಾರಿನಲ್ಲಿ ಒಂದು ಸುತ್ತು ದಾಕ್ಷಾಯಣಮ್ಮನ ಪಕ್ಕದಲ್ಲಿ ಕೂತು ಬಂದ. ಇಳಿದವನೇ ಒಂದು ಲೋಟ ನೀರು ಕುಡಿದ.

"ಮೇಡಮ್ಮೋರೆ, ಮೂರ್ನೇ ಗೇರ್ ಅಂತ ಒಂದದೆ."

"ಗೊತ್ತು. ಅದು ನನಗೆ ಬೇಡ. ಶಬ್ದ ಯಾಕೆ ಬರ್ತಿದೆ ಹೇಳಪ್ಪಾ."

ಮಹದೇವು ಹಳೇ ಇಂಜಿನ್ನಿನ ವಾಲ್ವೊಂದನ್ನು ತಂದು ತೋರಿಸಿದ. "ಇದು ಬಾಗ್ಲು. ಪೆಟ್ರೋಲು, ಗಾಳಿ ಒಳೀಕ್ ಬುಡೋಕೊಂದು, ಹೊಗೆ ಆಚೀಕ್ ಬುಡೋಕೊಂದು. ತಳ್ಳಿ ತೆಗೆಯೋನು ಇಂಜಿನ್ ಜೊತೇಲೇ ತಿರುಗೋ ಕ್ಯಾಮು, ಮುಚ್ಚೋನು ಈ ಸ್ಪ್ರಿಂಗು. ನೀವು ಈ ಪಾಟಿ ಓಡಿಸ್ದಾಗ ಸ್ಪ್ರಿಂಗು ಬಾಗ್ಲು ಮುಚ್ಚೋಕೆ ಮುಂಚೇನೇ ಇನ್ನೊಂದೇಟು ಬಿದ್ದಿರ್ತದೆ. ಬಾಗ್ಲು ಅಂಗೇ ತೇಲಾಡ್ತದೆ. ಇನ್ನೂ ಜೋರಾದ್ರೆ ಪಿಸ್ಟನ್ನಿಗೇ ತಗಲಿ ಇಂಜಿನ್ನು ಗೋತಾ."

ದಾಕ್ಷಾಯಣಮ್ಮನ ಮುಖ ಅರಳಿತು. "ಡ್ರಿಲ್ಲಲ್ಲೂ ಹೀಗೇ ಕಣೋ! ಒನ್ ಟೂ ಅಂತ ತೀರಾ ಬೇಗ ಹೇಳಿದ್ರೆ ಮಕ್ಕಳು ಡಂಬೆಲ್ ಹಿಡಿದ ಕೈ ಪೂರ್ತಿ ಇಳಿಸೋದೇ ಇಲ್ಲ, ಮಧ್ಯದಲ್ಲೇ ಆಡಿಸ್ತಿರ್ತಾರೆ."

"ಅದೇಯ. ಅದಕ್ಕೇ ನಿಧಾನಕ್ಕೆ ಒನ್ ಟೂ ಹೇಳಿ ಅಂತಿರೋದು."

"ಅದಾಗಲ್ಲ. ಸ್ಪ್ರಿಂಗ್ ಗಟ್ಟಿ ಮಾಡು."

ಮಹದೇವು ಯಾವುದೋ ಡೀಸೆಲ್ ವ್ಯಾನಿನ ದಪ್ಪ ಸ್ಪ್ರಿಂಗುಗಳನ್ನು ಹುಡುಕಿ ಹಾಕಿದ. ಚಟಪಟ ನಿಂತಿತು. ದಸರಾ ರಜೆ ಮುಗಿಯುವುದರೊಳಗೆ ಇಂಜಿನ್ನೇ ನಿಂತಿತು. ಬಿಚ್ಚಿ ನೋಡಿದರೆ ಆ ಬಿಗಿಗೆ ಕ್ಯಾಮ್ ಸವೆದಿತ್ತು, ವಾಲ್ವನ್ನು ತಳ್ಳುವ ಸಲಾಕೆಯೊಂದು ಸೌತೆಕಾಯಿಯ ಹಾಗೆ ಬಾಗಿತ್ತು.

"ಬರೀ ಗಟ್ಟಿ ಮಾಡಿದ್ರಾಗಲ್ಲ," ಎಂದು ಮಹದೇವು ತಲೆ ಕೆರೆದುಕೊಂಡ.

"ಮಕ್ಕಳ ಕೈಲಿರೋ ಡಂಬೆಲ್ ಹಗುರ ಮಾಡಿದ್ರೆ?" ಎಂದರು ದಾಕ್ಷಾಯಣಮ್ಮ.

"ಅಂದ್ರೆ, ಸ್ಪ್ರಿಂಗು ಎಳೆಯೋ ಭಾರಾನೇ ಕಮ್ಮಿ ಮಾಡೋದು!" ಎಂದ ಮಹದೇವು. ಆಮೇಲೆ ಎರಡು ವಾರ ಕಾರು ಶೆಡ್ಡು ಬಿಟ್ಟು ಬರಲಿಲ್ಲ. ವಾಲ್ವಿನ ಕಡ್ಡಿಯ ತುದಿಯಲ್ಲಿ ಸ್ಪ್ರಿಂಗನ್ನು ಹಿಡಿಯುವ ಬಟ್ಟಲುಗಳನ್ನು ಲೇತಿಗೆ ಕೊಟ್ಟು ತೆಳ್ಳಗೆ ಮಾಡಿಸಿದ. ಒಂದು ದಪ್ಪ ಸ್ಪ್ರಿಂಗಿನ ಬದಲು, ಒಂದರೊಳಗೊಂದು ಕೂರುವ ಎರಡು ಸಾಧಾರಣ ಸ್ಪ್ರಿಂಗು ಹಾಕಿದ. ಒಂದಕ್ಕೆ ನಡುಕ ಹಿಡಿದರೆ ಇನ್ನೊಂದು ತಡೆಯಲಿ ಅಂತ. ಬೇರೆ ಕ್ಯಾಮೂ ಬಂತು. ಕೆಲಸ ಮುಗಿದ ಮರುದಿನ ನಂಜನಗೂಡಿನ ರಸ್ತೆಯಲ್ಲಿ ಇಂಜಿನ್ ಮೊದಲಿಗಿಂತ ಜೋರಾಗಿ ಕೂಗಿತು, ಚಟಪಟ ಮಾತ್ರ ಬರಲಿಲ್ಲ. ಮಹದೇವು ಸೀಟಿನ ಮೇಲೆ ಕುಣಿದಾಡಿದ. ಸದಾಶಿವಯ್ಯ ಕಣ್ಣು ಮುಚ್ಚಿಕೊಂಡು ಪಂಚಾಕ್ಷರಿ ಹೇಳುತ್ತಿದ್ದರು.

ಊರಾಚೆ ಮೈದಾನವೊಂದರಲ್ಲಿ ಹೆಂಗಸರ ಕಾರ್ ರೇಸು ನಡೆಯುತ್ತದೆಂದು ತಿಳಿದು ಹೆಸರು ಕೊಟ್ಟವನೂ ಮಹದೇವುವೇ. ಮಣ್ಣಿನ ನೆಲ, ಅಂಕುಡೊಂಕು ದಾರಿ, ತಿರುವಿಗೊಂದು ಕಂಬ. ಒಬ್ಬೊಬ್ಬರಾಗಿ ಓಡಿಸಬೇಕು, ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದಂತೆ. ಬೇರೆಯವರು ಪ್ರತಿ ತಿರುವಿನಲ್ಲೂ ಗೇರು ಇಳಿಸಿ, ಏರಿಸಿ ಒದ್ದಾಡುತ್ತಿದ್ದರು. ದಾಕ್ಷಾಯಣಮ್ಮನಿಗೆ ಆ ತಾಪತ್ರಯವೇ ಇಲ್ಲ. ಎರಡಕ್ಕೆ ಹಾಕಿದರು, ಒತ್ತಿದರು. ಧೂಳಿನ ಮೋಡದೊಳಗಿಂದ ಇಂಜಿನ್ನಿನ ಕೂಗೊಂದೇ ಕೇಳುತ್ತಿತ್ತು. ಒಂದೇ ಲೋಪವೆಂದರೆ, ಪ್ರತಿ ತಿರುವಿನಲ್ಲೂ ಅವರು ನಿಧಾನ ಮಾಡಿ, ಕಿಟಕಿಯಿಂದ ಬಲಗೈ ಹೊರಗೆ ಚಾಚಿ ಸಿಗ್ನಲ್ ತೋರಿಸಿದರು.

"ಮೇಡಂ, ಹಿಂದೆ ಯಾರೂ ಇರ್ಲಿಲ್ವಲ್ಲ!" ಎಂದ ಗಡಿಯಾರ ಹಿಡಿದಿದ್ದವನು.

"ಇಲ್ದೆ ಇದ್ರೇನು? ನಿಯಮ ನಿಯಮಾನೇ."

ಎರಡನೇ ಬಹುಮಾನ ಬಂತು: ಒಂದು ಸ್ಟೀಲಿನ ನೀರಿನ ಡ್ರಮ್ಮು. ಅದನ್ನು ತೊಡೆಯ ಮೇಲಿಟ್ಟುಕೊಂಡು ಸದಾಶಿವಯ್ಯ ಮನೆಯವರೆಗೂ ಬಂದರು. ರೇಸಿಗೆ ಬಂದಿದ್ದ ಹುಡುಗರು ಅಲ್ಲೇ ಬಾನೆಟ್ ಎತ್ತಿ, ಮಹದೇವು ಮಾಡಿದ್ದೇನೆಂದು ಕೇಳಿ ತಿಳಿದುಕೊಂಡಿದ್ದರು. ಅಂದಿನಿಂದ ಅವನು ಸ್ಪ್ರಿಂಗ್ ಮಹದೇವು, ಶೆಡ್ಡಿನ ಮುಂದೆ ಯಾವಾಗಲೂ ಕಾರುಗಳ ಸಾಲು.

ಎರಡು ಸಾವಿರದ ಮೂರರಲ್ಲಿ ನಿವೃತ್ತರಾದಾಗ ದಾಕ್ಷಾಯಣಮ್ಮ ಹೊಸ ಕಾರು ತೆಗೆದುಕೊಂಡರು. ಮೊದಲ ದಿನವೇ ಸಿಟ್ಟಾಗಿ ಶೆಡ್ಡಿಗೆ ಬಂದರು.

"ಚೆನ್ನಾಗೇ ಹೋಗ್ತಿರುತ್ತೆ, ಒಂದು ಮಟ್ಟಕ್ಕೆ ಬಂದ ತಕ್ಷಣ ಬಿಕ್ಕಳಿಸುತ್ತೆ ಕಣೋ. ಎಷ್ಟು ಒತ್ತಿದ್ರೂ ಅಷ್ಟೇ."

ಮಹದೇವು ನಕ್ಕ. "ಅದರೊಳಗೆ ಕಂಪ್ಯೂಟರ್ ಅದೆ. ವಾಲ್ವು ತೇಲೋಕೆ ಮುಂಚೇನೇ ಪೆಟ್ರೋಲ್ ನಿಲ್ಲಿಸ್ಬುಡ್ತದೆ. ಅದ್ಕೆ ನಾನೂ ಏನೂ ಮಾಡೋಕಾಗಲ್ಲ ಮೇಡಮ್ಮೋರೆ."

ದಾಕ್ಷಾಯಣಮ್ಮ ಹೋಗಿ ಮತ್ತೆ ಸ್ಟೀರಿಂಗ್ ಮುಂದೆ ಕೂತರು. ಆಮೇಲೆ, ಹಲ್ಲು ಕೀಳಿಸಿಕೊಳ್ಳಲು ಹೊರಟವರ ಹಾಗೆ, "ನಡಿ, ಆ ಮೂರನೇದು ಎಲ್ಲಿದೆ ತೋರಿಸು" ಎಂದರು. ಆ ಸಂಜೆ ಬನ್ನಿಮಂಟಪದಿಂದ ಮೂರನೇ ಗೇರಿನಲ್ಲೇ ಮನೆಗೆ ಹೋದರು. ಕಾರು ಇಷ್ಟು ಸದ್ದಿಲ್ಲದೆ ಹೋದರೆ ನಿದ್ದೆ ಬರುತ್ತದೆಂದು ದಾರಿಯುದ್ದಕ್ಕೂ ಗೊಣಗಿದರು.