ಸಪ್ಪಳವಾಗದ ರೊಟ್ಟಿ

ತಾವರಗೇರಾದ ಲಲಿತಾ ಒಣ ಕಟಕ ರೊಟ್ಟಿಯನ್ನು ಸಪ್ಪಳವಾಗದಂತೆ ತಿನ್ನುವುದನ್ನು ಚಿಕ್ಕಂದಿನಲ್ಲೇ ಕಲಿತಿದ್ದಳು. ಅವಳವ್ವ ಪಕೀರಮ್ಮ ಜೋಳದ ರೊಟ್ಟಿ ಬಡಿದು ಮಾರುವವಳು. ಒಣಗಿ ಗರಿಗರಿಯಾದ ರೊಟ್ಟಿಗಳನ್ನು ಬುಟ್ಟಿಯಲ್ಲಿ ಪೇರಿಸಿ, ಜಂತಿಗೆ ಕಟ್ಟಿದ ನೆಲುವಿನಲ್ಲಿ ಇಡುತ್ತಿದ್ದಳು. ಬೆಕ್ಕಿಗೆ ಹೆದರಿ ಅಲ್ಲ, ಮಗಳಿಗೆ ಹೆದರಿ! ಮುರಿದರೆ ಸಪ್ಪಳ ಹಿತ್ತಲಿನವರೆಗೂ ಕೇಳುತ್ತದಲ್ಲ, ಅದಕ್ಕೇ ಲಲಿತಾ ರೊಟ್ಟಿಯನ್ನು ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಬಚ್ಚಲ ಮೂಲೆಯಲ್ಲಿ ನಿಂತು ನುಂಗುತ್ತಿದ್ದಳು.

ಅಂಥಿಂಥ ಹಸಿವಲ್ಲ ಅದು. ಉಂಡು ಕೈ ತೊಳೆಯುವಷ್ಟರಲ್ಲೇ ಮತ್ತೆ ಶುರು. ಮೈ ಬೆಳೆಯಿತು, ಹೆಸರೂ ಕೆಟ್ಟಿತು. ಮಾಡಲು ಕೆಲಸವಿಲ್ಲದ ಊರ ಮಂದಿ ಬಾಯಿಗೆ ಬಂದದ್ದು ಆಡಿದರು. ಅದನ್ನು ಅವಳು ತಡೆದುಕೊಂಡಳು. ಆದರೆ ಅವ್ವ ಮೊದಲು ಬುಟ್ಟಿ ನೋಡಿ, ಆಮೇಲೆ ತನ್ನ ಮುಖ ನೋಡುತ್ತಿದ್ದಳಲ್ಲ, ಅದನ್ನು ಮಾತ್ರ ತಡೆಯಲಾಗುತ್ತಿರಲಿಲ್ಲ. ಹೊಲಿಗೆ ಕಲಿತು ಓಣಿಯವರ ಜಂಪರ್ ಹೊಲಿಯುವಂತಾದರೂ ಮನೆಯಲ್ಲಿ ಅವಳು ಕಳ್ಳಿಯೇ.

2019ರಲ್ಲಿ ಲಲಿತಾಳಿಗೆ ಮೊಣಕಾಲು ನೋವು ಹೆಚ್ಚಾದಾಗ ಅವ್ವ ಅವಳನ್ನು ಕೊಪ್ಪಳದ ಆಸ್ಪತ್ರೆಗೆ ಕರೆದೊಯ್ದಳು.

"ಇಕಿ ಬಾಯಿಗೆ ಬೀಗ ಹಾಕೋ ಗುಳಿಗಿ ಇದ್ರ ಕೊಡ್ರಿ" ಎಂದಳು.

ಡಾಕ್ಟರಮ್ಮ ನಗಲಿಲ್ಲ. "ಹಸಿವು ಯಾವಾಗಿಂದ ಹಿಂಗ ಐತಿ?"

"ಹಾಲು ಕುಡಿಯೋ ಕೂಸಿದ್ದಾಗಿಂದ್ರಿ."

ಲಲಿತಾಳ ರಕ್ತವನ್ನು ದೂರದ ಊರಿಗೆ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು:

"ಹೊಟ್ಟಿ ತುಂಬಿದ್ರ ಮಿದುಳಿಗೆ ಸುದ್ದಿ ಮುಟ್ಟಬೇಕ್ರಿ. ಆಗ ಅದು ಸಾಕು ಅಂತೈತಿ. ಇಕಿ ಮಿದುಳಿಗೆ ಆ ಸುದ್ದಿ ಸರಿಯಾಗಿ ತಿಳಿಯಂಗಿಲ್ಲ. ಜೀನ್‌ನ್ಯಾಗ ಹುಟ್ಟಿನಿಂದ ಬಂದ ದೋಷ ಅದು. ಅಳತಿ ಇಟ್ಟು ಉಣ್ಣಬೇಕು, ನಡದಾಡಬೇಕು. ಬೈದ್ರ ಏನೂ ಕಮ್ಮಿ ಆಗಂಗಿಲ್ಲ."

"ಅಂದ್ರ ಇಕಿ ತಪ್ಪಲ್ಲೇನ್ರಿ?"

"ಅಲ್ರಿ ಅವ್ವಾ."

ಲಲಿತಾಳಿಗೆ ಅಲ್ಲೇ ಅಳು ಬಂತು. ತನ್ನೊಳಗೆ ಇರುವುದು ದುರಾಸೆಯಲ್ಲ ಎಂದು ಯಾರಾದರೂ ಹೇಳಿದ್ದು ಅದೇ ಮೊದಲು.

ಪಕೀರಮ್ಮ ಮನೆಗೆ ಬಂದವಳೇ ಸ್ಟೂಲು ಹತ್ತಿ, ನೆಲುವಿನಿಂದ ಬುಟ್ಟಿ ಇಳಿಸಿ ಮಗಳ ಮುಂದಿಟ್ಟಳು. ರೂಢಿಯಂತೆ ಲಲಿತಾಳ ಕೈ ನೀರಿನ ಚೆಂಬಿನ ಕಡೆ ಹೋಯಿತು. ಅವ್ವ ಚೆಂಬನ್ನು ಆಚೆ ಸರಿಸಿದಳು.

"ನೆನಸಬ್ಯಾಡ. ನನಗ ಎಲ್ಲಾ ಗೊತ್ತಿತ್ತು. ಮುರಕೊಂಡು ತಿನ್ನವ್ವ, ಕೇಳಿದ್ರ ಕೇಳಲಿ."

ರೊಟ್ಟಿ ಕಟಕ್ಕೆಂದು ಮುರಿಯಿತು. ಶೇಂಗಾ ಚಟ್ನಿ ಹಚ್ಚಿಕೊಂಡು ಒಂದು ರೊಟ್ಟಿಯನ್ನು ಅವಳು ನಿಧಾನವಾಗಿ, ಕರಕರ ಅಗಿದು ತಿಂದಳು. ಅವ್ವ ಬುಟ್ಟಿಯನ್ನು ನೋಡಲಿಲ್ಲ.

"ಹೊಟ್ಟಿ ತುಂಬ್ತೇನು?"

ಇಷ್ಟು ವರ್ಷ ಈ ಮಾತಿಗೆ ಲಲಿತಾ ಹೂಂ ಎಂದು ಸುಳ್ಳೇ ಹೇಳಿದ್ದಳು.

"ಇಲ್ಲವ್ವ" ಎಂದಳು. ಆಮೇಲೆ ತಾನೇ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿದಳು. "ಆದ್ರ ಸಾಕು."